ಐವತ್ತು ಕುಣಿಕೆ

ನೀನು ಮಾತಾಡಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.
ಒಂಬತ್ತು ರಾತ್ರಿ ಮೊಣಕಾಲೂರಿದೆ
ಕೋಡಿಬಾಗದ ಈ ಹೊಲಿಗೆಯಂಗಡಿಯ ಹಿಂದಿನ ಕೋಣೆಯಲ್ಲಿ,
ಬಟ್ಟೆಚೂರುಗಳ ಮೇಲೆ.
ಗುಂಡುಸೂಜಿ ಚುಚ್ಚಿತು. ಅಷ್ಟೇ.

ವಿಷಯ ನಿನಗೆ ಗೊತ್ತು. ಆದರೂ ಹೇಳುತ್ತೇನೆ,
ಅಳತೆ ಎರಡು ಸಲ ತೆಗೆಯುವವಳು ನಾನು.
ಜೊಕಿಮ್ ಬೈತಖೋಲದಿಂದ ಹೋದ ಬೋಟು
ತಿರುಗಿ ಬಾರದೆ ಮೂರು ಮಳೆಗಾಲ.
ಮಾಜಾಳಿಯಲ್ಲಿ ಒಬ್ಬಳಿದ್ದಳು. ಊರಿಗೆಲ್ಲ ಗೊತ್ತಿತ್ತು,
ನನಗೆ ಊರಿಗಿಂತ ಮೊದಲೇ:
ಅವನ ಅಂಗಿಯ ಮೂರನೇ ಗುಂಡಿಯಲ್ಲಿ
ನಾನು ಹಾಕದ ಗಂಟೊಂದಿತ್ತು,
ಒಳಬದಿಯಲ್ಲಿ, ಎರಡು ಸುತ್ತಿನದು.
ಕಳೆದ ತಿಂಗಳು ಕಾಮಾಲೆಗೆ ಅವಳೂ ಹೋದಳು.
ಉಳಿದದ್ದು ಒಂದು ಹುಡುಗ, ಏಳು ವರ್ಷ, ಸಾಂತಾನ್.

‘ಬೋರ್ಡಿಂಗಿಗೆ ಸೇರಿಸಬಹುದು’ ಎಂದರು ಫಾದರ್,
‘ಅಥವಾ’ ಎಂದು ಚಹಾದ ಲೋಟದೊಳಗೆ ನೋಡಿದರು.
ಮುಂದೆ ಹೇಳಲಿಲ್ಲ.
‘ಮಾಡಲೇಬೇಕೆಂದಿಲ್ಲ ನತಾಲಿನ್, ದೇವರು ಒತ್ತಾಯಿಸುವವನಲ್ಲ.’
ಅದೇ ಕಷ್ಟ ನೋಡು.
ಒತ್ತಾಯಿಸಿದ್ದರೆ ನಿನ್ನ ಹತ್ತಿರ ಜಗಳ ತೆಗೆದು
ಬಾಗಿಲು ಹಾಕಿಕೊಳ್ಳಬಹುದಿತ್ತು.

ಅಕ್ಕ ಹೇಳಿದಳು: ಹುಚ್ಚಿ, ಆ ಮುಖ ದಿನಾ ನೋಡುತ್ತೀಯಾ?
ಎದುರುಮನೆಯ ಇನಾಸ್ ಹೇಳಿದ: ಪುಣ್ಯ ಬರುತ್ತದೆ ಬಾಯೀ.
ಇಬ್ಬರಿಗೂ ಬಾಕಿ ಇದ್ದ ರವಿಕೆ, ಚಡ್ಡಿ ಕೊಟ್ಟು ಕಳಿಸಿದೆ.

ಐದನೆಯ ರಾತ್ರಿ ದಂಡೆಗೆ ಹೋಗಿ ಗುರುತು ಕೇಳಿದೆ.
ಹತ್ತು ಎಣಿಸುವುದರೊಳಗೆ
ದೇವಗಡದ ದೀಪ ಈ ಕಡೆ ತಿರುಗಿದರೆ, ಹೌದು.
ತಿರುಗಿತು.
ಅದು ದಿನಾ ತಿರುಗುತ್ತದೆ, ಹತ್ತರೊಳಗೆ.
ಗೊತ್ತಿದ್ದೇ ಕೇಳಿದ್ದೆ. ಗೊತ್ತಿದ್ದೂ ಯಾಕೆ ಕೇಳಿದೆ ಎಂದು
ಆಗ ಕೇಳಿಕೊಳ್ಳಲಿಲ್ಲ.

ಏಳನೆಯ ರಾತ್ರಿ ಕಣ್ಣು ಮುಚ್ಚಿ
ಅಮ್ಮನ ಕಾಲದ ನಿನ್ನ ಪುಸ್ತಕ ತೆರೆದು ಬೆರಳಿಟ್ಟೆ.
ಪ್ರೀತಿಯೋ ಕ್ಷಮೆಯೋ ಸಿಗುತ್ತದೆಂದು.
ಸಿಕ್ಕಿದ್ದು ಗುಡಾರದ ಪರದೆಗಳ ಲೆಕ್ಕ!
ಇಪ್ಪತ್ತೆಂಟು ಮೊಳ ಉದ್ದ, ನಾಲ್ಕು ಮೊಳ ಅಗಲ,
ಈ ಅಂಚಿಗೆ ಐವತ್ತು ಕುಣಿಕೆ, ಆ ಅಂಚಿಗೆ ಐವತ್ತು,
ನಡುವೆ ಕೊಂಡಿ.
ನಕ್ಕುಬಿಟ್ಟೆ. ಇಡೀ ದಿನ ಅದನ್ನೇ ಮಾಡಿ ಸಾಯುತ್ತೇನೆ,
ರಾತ್ರಿಯೂ ನೀನು ಆರ್ಡರೇ ಕೊಡುತ್ತೀಯಲ್ಲ.

ಹತ್ತನೆಯ ದಿನ ಬಸ್ಸು ಹತ್ತಿದೆ,
ನೋಡಿ ಬರುವುದಕ್ಕೆ, ಅಷ್ಟಕ್ಕೇ.
ಸೇತುವೆಯ ಕೆಳಗೆ ಕಾಳಿ ಇಳಿದಿತ್ತು,
ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು
ಕೆಸರಿನೊಳಗೆ ಕೈಬಿಟ್ಟು, ಕಾಣದ್ದನ್ನು ಬೆರಳಲ್ಲಿ ಹುಡುಕಿ.
ಕಂಡಕ್ಟರ್ ಕೇಳಿದ: ಒಂದೇ ಟಿಕೆಟ್ಟಾ? ವಾಪಸ್ಸು?
ವಾಪಸ್ಸಿನ ಟಿಕೆಟ್ ಬಸ್ಸಲ್ಲಿ ಕೊಡುವುದಿಲ್ಲ,
ಸುಮ್ಮನೆ ತಮಾಷೆ ಅವನದು.

ಹುಡುಗ ಜಗಲಿಯಲ್ಲಿ ನಿಂತಿದ್ದ,
ಒಂದು ಕಾಲಿನ ಮೇಲೆ ಭಾರ ಹಾಕಿ. ಜೊಕಿಮನ ಹಾಗೆಯೇ.
ನನ್ನ ಹೊಟ್ಟೆ ಉರಿಯಿತು. ಸುಳ್ಳು ಹೇಳಲಾರೆ ನಿನ್ನ ಮುಂದೆ.
ಕೊರಳಲ್ಲಿ ಅಳತೆಪಟ್ಟಿ, ಅಂಗಡಿಯಲ್ಲಿ ತೆಗೆದಿಡಲು ಮರೆತದ್ದು.
ಏನು ಮಾತಾಡಬೇಕೋ ತಿಳಿಯದೆ
ಅವನ ಭುಜಕ್ಕೆ ಹಿಡಿದೆ. ಹನ್ನೊಂದೂವರೆ.
‘ಯಾರಿಗೆ?’
‘ನಿನಗೆ.’
‘ಹೊಲಿದ ಮೇಲೆ ತರ್ತೀರಾ?’
‘ಇಷ್ಟು ದೂರ ಯಾರು ತರ್ತಾರೆ, ನೀನೇ ಬಾ.’

ಅದು ನಾನು ಯೋಚಿಸಿ ಆಡಿದ ಮಾತಲ್ಲ.
ನೀನು ಆಡಿದ್ದೆಂದೂ ಹೇಳಲಾರೆ, ನಿನ್ನ ದನಿ ನಾನು ಕೇಳಿಲ್ಲ.

ಈಗ ನಾಲ್ಕು ತಿಂಗಳು.
ಹಾಸಿಗೆ ಒದ್ದೆ ಮಾಡುತ್ತಾನೆ. ಮೀನಿನ ತಲೆ ತನಗೇ ಬೇಕೆನ್ನುತ್ತಾನೆ.
ತೆರ್ಸಿನ ಹೊತ್ತಿಗೆ ಗೋಡೆಗೊರಗಿ ನಿದ್ದೆ ಹೋಗುತ್ತಾನೆ,
ನಿನಗೆ ಅವನ ಮೇಲೆ ಸಿಟ್ಟಿಲ್ಲವೆಂದುಕೊಂಡಿದ್ದೇನೆ.
ಚಡ್ಡಿಯ ಅಂಚಿನಲ್ಲಿ ಮೂರು ಬೆರಳು ಬಟ್ಟೆ ಮಡಚಿಟ್ಟಿದ್ದೇನೆ.
ಸರಿ ಮಾಡಿದೆನೋ ಇಲ್ಲವೋ, ಕೆಲವು ರಾತ್ರಿ ಇನ್ನೂ ಗೊತ್ತಾಗುವುದಿಲ್ಲ.

ನಿನ್ನೆ ಕಿತ್ತುಹೋದ ಗುಂಡಿಯನ್ನು ತಾನೇ ಹಾಕಿಕೊಂಡ.
ಅಂಗಿ ತಿರುವಿ ನೋಡಿದೆ.
ಒಳಬದಿಯಲ್ಲಿ, ಎರಡು ಸುತ್ತಿನದು.
ಕತ್ತರಿ ಕೈಯಲ್ಲೇ ಇತ್ತು.
ಬಿಚ್ಚಲಿಲ್ಲ.

ನಾಳೆ ಶಾಲೆಗೆ ಅರ್ಜಿ ಕೊಡಬೇಕು.
ತಾಯಿಯ ಹೆಸರು ಎಂದು ಒಂದು ಗೆರೆ ಖಾಲಿ ಬಿಟ್ಟಿದ್ದಾರೆ,
ಒಂದೇ ಹೆಸರು ಹಿಡಿಸುವಷ್ಟು.
ಇದನ್ನಾದರೂ ಹೇಳು.
ಹೇಳದಿದ್ದರೂ ಬೆಳಿಗ್ಗೆ ಪೆನ್ನು ಹಿಡಿದು ಕೂರುತ್ತೇನೆ,
ಪಕ್ಕದಲ್ಲೇ ಇರು.