ಹನ್ನೆರಡನೆಯ ಪುಟ

ಪುಸ್ತಕದಲ್ಲಿ ಹೆಗ್ಗಣ ಅಂಗೈಯಷ್ಟು,
ನಾವು ಮಾಡಿದ್ದು ಮೊಳದುದ್ದ.
ಶಿವಾಜಿನಗರದ ಹಾಸಿಗೆ ಅಂಗಡಿಯವನು
ಚೂರು ಸ್ಪಂಜನ್ನು ತೂಕಕ್ಕೆ ಹಾಕಿದ,
ಮುರಿದ ಕೊಡೆಯ ಎರಡು ಕಡ್ಡಿ ಮುಂಗಾಲಾದವು.
ಕಣ್ಣಿಗೆ ಜಬೀನ್ ತಂದ ಗುಂಡಿಗಳಲ್ಲಿ
ಒಂದು ಕಪ್ಪು, ಇನ್ನೊಂದು ಅಷ್ಟೇನೂ ಕಪ್ಪಲ್ಲ.
'ಒಂದು ಕಣ್ಣಿಗೆ ನಿದ್ದೆ ಬಂದಿದೆ ಅಂದ್ಕೋ' ಅಂದಳು.

ಕತೆ ಇಷ್ಟೇ. ಹೆಗ್ಗಣಕ್ಕೆ ನಿದ್ದೆ ಬರದು.
ನಲ್ಲಿಯನ್ನು ಕೇಳುತ್ತದೆ: ನಿನ್ನ ಹತ್ರ ನಿದ್ದೆ ಇದ್ಯಾ?
ತೊಟ್ಟು, ತೊಟ್ಟು, ಅನ್ನುತ್ತದೆ ನಲ್ಲಿ.
ಬೀದಿದೀಪವನ್ನು ಕೇಳುತ್ತದೆ, ಮೂರು ಕಾಲಿನ ನಾಯಿಯನ್ನು,
ಡಿಪೋದಲ್ಲಿ ಸಾಲಾಗಿ ಮಲಗಿದ ಬಸ್ಸುಗಳನ್ನು.
ಹನ್ನೆರಡನೆಯ ಪುಟದಲ್ಲಿ ಒಂದು ಹಳೇ ಬೂಟು;
ಒಳಗೆ ಸುರುಳಿ ಸುತ್ತಿ ಮಲಗುತ್ತದೆ.

ಬೆಕ್ಕು ಹಾಕಿ ಅಂದರು ಕೆಲವರು, ಹಾಡು ಹಾಕಿ,
ಕೊನೆಗೊಂದು ನೀತಿ ಹಾಕಿ.
ನಮಗೆ ಬೇಕಾಗಿದ್ದು
ಪುಟ ತಿರುಗುವಾಗಿನ ಅಷ್ಟು ಹೊತ್ತು ಮಾತ್ರ:
ಎಂಜಲು ಬೆರಳಲ್ಲಿ ಮಗು ಹಾಳೆ ಎತ್ತುವಾಗ
ಹೆಗ್ಗಣ ಈ ಪುಟದಲ್ಲೂ ಇಲ್ಲ, ಆ ಪುಟದಲ್ಲೂ ಇಲ್ಲ,
ಎಲ್ಲಿರುತ್ತದೆ?
ಅದನ್ನು ಬಟ್ಟೆಯಲ್ಲಿ ಹೊಲಿಯಲು ಬರಲಿಲ್ಲ.
ಹಾಳೆ ಮಗುಚುವ ಸದ್ದಿಗೆ ಎಕ್ಸ್‌ರೇ ಫಿಲ್ಮು ಅಲ್ಲಾಡಿಸಿದೆವು,
ನನ್ನದೇ ಮೊಣಕೈಯದು,
ದೀಪ ಆರಿಸಿ ಮೂರು ಎಣಿಸಿದೆವು.

ನೀಲಸಂದ್ರದ ಗ್ರಂಥಾಲಯ, ಶನಿವಾರ ನಾಲ್ಕಕ್ಕೆ.
ನಾವು ಆರಿಸುವ ಮೊದಲೇ ಕರೆಂಟು ಹೋಗಿತ್ತು.
ಅಮ್ಮಂದಿರು ಮೊಬೈಲ್ ಟಾರ್ಚು ಹಿಡಿದರು,
ಪರದೆ ಮೇಲೆ ಹೆಗ್ಗಣಕ್ಕೆ ಏಳು ನೆರಳು.
ಮಕ್ಕಳಿಗೆ ಪುಸ್ತಕ ಬಾಯಿಪಾಠ,
ನಮಗಿಂತ ಮೊದಲೇ ಕೇಳುತ್ತಿದ್ದರು
ಕನ್ನಡದಲ್ಲಿ, ತಮಿಳಲ್ಲಿ, ಉರ್ದುವಲ್ಲಿ:
ನಿನ್ ಹತ್ರ ನಿದ್ದೆ ಇದ್ಯಾ?

ಬೂಟು ಬಂತು. ಹೆಗ್ಗಣ ಮೂಸಿತು, ಒಳಗಿಳಿಯಿತು.
ನಾನು ಬೆರಳು ನಿಲ್ಲಿಸಿದೆ.
ದೊಡ್ಡವರು ಚಪ್ಪಾಳೆ ತಟ್ಟಿದರು.
ಮಕ್ಕಳು ತಟ್ಟಲಿಲ್ಲ.

ಮುಂದಿನ ಸಾಲಿಂದ ಕಣ್ಮಣಿ, ನಾಲ್ಕು ವರ್ಷ,
ಮೂಗು ಸೋರುತ್ತಿತ್ತು, ದನಿ ಗಟ್ಟಿ:
'ಹಂಗಲ್ಲ. ಅದು ಮಲಗಲ್ಲ.
ಬಸ್ ಹತ್ರ ನಿಂತಿರತ್ತೆ.'
ಹೌದು ಹೌದು, ಅಂದಿತು ಇಡೀ ಜಮಖಾನ.

ಹೊನ್ನಪ್ಪನವರು ಕಪಾಟಿನಿಂದ ಪುಸ್ತಕ ತಂದರು.
ಬೆನ್ನಿಗೆ ಅಂಟುಪಟ್ಟಿ, ಮೂಲೆಗಳೆಲ್ಲ ಮೆದು.
ಹನ್ನೊಂದನೆಯ ಪುಟ. ಬಸ್ಸುಗಳು. ಆಮೇಲೆ ರಟ್ಟು.
'ಎಂಟು ವರ್ಷದಿಂದ ಹೀಗೇ ಇದೆ ಮೇಡಂ,
ಯಾರೂ ದೂರು ಕೊಟ್ಟಿಲ್ಲ.'

ಎಂಟು ವರ್ಷ.
ಇಲ್ಲಿನ ಮಕ್ಕಳೆಲ್ಲ ಹೊದ್ದು ಮಲಗಿದ್ದು
ಹೆಗ್ಗಣ ಎದ್ದಿದೆ ಎಂಬ ಧೈರ್ಯದ ಮೇಲೆ.

'ನಮ್ಮಪ್ಪ ರಾತ್ರಿ ಡಿಪೋದಲ್ಲಿ ಬಸ್ ತೊಳೀತಾರೆ,'
ಕಣ್ಮಣಿ ನನಗಲ್ಲ, ಬೂಟಿಗೆ ಹೇಳಿದಳು.
'ಅದೂ ಅಲ್ಲೇ ಇರತ್ತೆ.'
ಕೇಳದೇ ಕೈ ತೂರಿಸಿದಳು ಒಳಗೆ,
ತಡಕಿದಳು. ಸ್ಪಂಜಿನಾಚೆ
ಬಿಸಿಯಾಗಿ, ಬೆವೆತು, ನನ್ನ ಐದು ಬೆರಳು.
'ನೋಡಿ,' ಅಂದಳು ಎಲ್ಲರ ಕಡೆ ತಿರುಗಿ,
'ಎದ್ದೇ ಇದೆ.'

ನಾನೇನು ಹೇಳಲಿ.
ಹೆಗ್ಗಣವನ್ನು ಬೂಟಿನಿಂದ ಎತ್ತಿ
ಬಸ್ಸುಗಳ ಪಕ್ಕ ನಿಲ್ಲಿಸಿದೆ.
ಆಗ ಬಂತು ಚಪ್ಪಾಳೆ, ಅದರ ಜೊತೆಗೇ ಕರೆಂಟೂ.

ಜಯನಗರದ ಶಾಲೆಯಲ್ಲಿ ಪುಸ್ತಕ ಹೊಸದು, ಹನ್ನೆರಡೂ ಪುಟ.
ಅಲ್ಲಿ ಹೆಗ್ಗಣ ಬೂಟಲ್ಲೇ ಮಲಗುತ್ತದೆ, ಸರಿಯಾಗಿ.
ಆದರೂ ಮೂರು ಎಣಿಸುವಾಗ, ಎರಡಕ್ಕೆ,
ಬಾಲದ ಕಡೆ ನನ್ನ ಕಿರುಬೆರಳು
ಒಮ್ಮೆ ಅಲ್ಲಾಡುತ್ತದೆ.
ಜಬೀನ್ ನೋಡಿಯೂ ಬೈಯುವುದಿಲ್ಲ.