ಲೆಕ್ಕಕ್ಕುಂಟು

ತಿಂಗಳ ಹದಿನೈದು, ತಿಂಗಳ ಮೂವತ್ತು. ನಸುಕಿನಲ್ಲಿ
ಮೊಬೈಲು ಒಮ್ಮೆ ನಡುಗಿ ಸುಮ್ಮನಾಗುತ್ತದೆ:
ಸಂಬಳ ಬಂತು.
ಕೋರಿನ್ ಸಾಬೊ, ಇಪ್ಪತ್ತೇಳು ವರ್ಷ,
ಮ್ಯಾನ್‌ಹಟನ್ನಿನ ನಲವತ್ತೊಂದನೆಯ ಮಹಡಿಯ ವಕೀಲೆ,
ಹಲ್ಲುಜ್ಜುತ್ತಲೇ ಅದನ್ನು ಹೋಳು ಮಾಡುತ್ತಾಳೆ.

ಮೊದಲ ಹೋಳು ಸರ್ಕಾರದ್ದು, ಅದರ ಮುಖ ಅವಳು ಕಂಡದ್ದಿಲ್ಲ.
ಆಮೇಲೆ ಬಾಡಿಗೆ: ಒಂದು ಕೋಣೆ, ಒಂದು ಕಿಟಕಿ,
ಕಿಟಕಿಯಾಚೆ ಇನ್ನೊಬ್ಬರ ಗೋಡೆ.
ಆಮೇಲೆ ಓದಿನ ಸಾಲ. ಕಾನೂನು ಕಲಿಸಿದವರು
ಬಡ್ಡಿಯನ್ನೂ ಕಲಿಸಿದರು.
ಅಡುಗೆಗೆ ಸೊನ್ನೆ. ಓವನ್ನಿನೊಳಗೆ
ಚಳಿಗಾಲದ ಬೂಟು ಇಟ್ಟಿದ್ದಾಳೆ.
ರಾತ್ರಿ ಎಂಟಾದರೆ ಆಫೀಸಿನದೇ ಊಟ,
ಹತ್ತಾದರೆ ಆಫೀಸಿನದೇ ಕಾರು.
ಏಳೂವರೆಗೇ ಕೆಲಸ ಮುಗಿದ ದಿನ
ಅರ್ಧ ಗಂಟೆ ಸುಮ್ಮನೆ ಕೂತು ಕಾದದ್ದುಂಟು
ಮೂವತ್ತೈದು ಡಾಲರಿನ ಒಂದು ತುಂಡು ಮೀನಿಗೆ.

ಪಕ್ಕದ ಕೋಣೆಯ ಪ್ರೆಸ್ಕಾಟ್‌ಗೆ ಸಾಲವಿಲ್ಲ, ಅಪ್ಪನಿದ್ದಾನೆ.
ಬೋನಸ್ಸಿನಲ್ಲಿ ಗಡಿಯಾರ ಕೊಂಡ. ‘ಹೂಡಿಕೆ’ ಎಂದ.
ಟೆವಿನ್ ಅನ್ನ, ಕರಿಯ ಕಾಳು ಡಬ್ಬಿಯಲ್ಲಿ ತರುತ್ತಾನೆ;
ಕೆಲಸ ಬಿಡುವ ದಿನವನ್ನು ಗುರುತು ಹಾಕಿಟ್ಟಿದ್ದಾನೆ,
ನಾಲ್ಕು ವರ್ಷದಾಚೆಯ ಒಂದು ಮಂಗಳವಾರ.
ಮೇಲಿನ ಮಹಡಿಯ ಪಾಲುದಾರರಿಗೆ ಮೂರು ಮನೆ, ಎರಡು ಜೀವನಾಂಶ;
ಅವರಿಗೂ ತಿಂಗಳ ಕೊನೆ ಬಿಗಿಯಂತೆ.

ಬೇಸಿಗೆಗೆಂದು ಏಳು ಜನ ಸೇರಿ ಹಿಡಿದ ಕಡಲ ಮನೆಯಲ್ಲಿ
ಕೋರಿನ್ನಳ ಪಾಲೂ ಇದೆ. ಹೋದದ್ದು ಒಂದು ಭಾನುವಾರ,
ಮರಳ ಮೇಲೆ ಕೂತು ಕರಾರು ತಿದ್ದಿ ಬಂದಳು.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇವಳ ಹಾಸಿಗೆ ಈಗ ಇಬ್ಬರ ಅಳತೆಯದು;
ಚಾಚಬೇಕಾದ ಕಾಲು ಮನೆಗೆ ಬರುವುದೇ ಒಂದು ಗಂಟೆಗೆ.

ಅವಳನ್ನು ಮಾರುವುದು ಆರಾರು ನಿಮಿಷದ ಪೊಟ್ಟಣಗಳಲ್ಲಿ.
ಓದಿದೆ: ಪಾಯಿಂಟ್ ಮೂರು. ತಿದ್ದಿದೆ: ಪಾಯಿಂಟ್ ಏಳು.
ಯೋಚಿಸಿದೆ: ಅದನ್ನೂ ಮಾರಬಹುದು,
ಯಾರ ಸಲುವಾಗಿ ಎಂದು ಬರೆದರೆ.

ಟೊಲೀಡೊದಲ್ಲಿ ತಾಯಿ ಶಾಲೆಯ ಹಳದಿ ಬಸ್ಸು ಓಡಿಸುತ್ತಾಳೆ.
‘ಎಷ್ಟು ಕೊಡ್ತಾರೆ ನಿಂಗೆ?’ ಎಂದು ಕೇಳಿದ್ದಳು ಮೊದಲ ವರ್ಷ.
ಕೋರಿನ್ ಅರ್ಧ ಹೇಳಿದಳು.
‘ಅಬ್ಬ, ಅಷ್ಟೊಂದೇ!’ ಅಂದಳು ತಾಯಿ.
ಉಳಿದರ್ಧ ಇನ್ನೂ ಗಂಟಲಲ್ಲಿದೆ.

ಫೆಬ್ರವರಿಯ ಒಂದು ಸಂಜೆ ಅವಳದೇ ಫೋನು.
ಮನೆ ಬೆಚ್ಚಗಿಡುವ ಯಂತ್ರ ಕೆಟ್ಟಿದೆಯಂತೆ,
ಕೋಟು ತೊಟ್ಟೇ ಸೂಪು ಕಾಯಿಸ್ತಿದೀನಿ, ಬೇಡ ಬೇಡ,
ದುಡ್ಡಿಗಲ್ಲ, ಸುಮ್ನೆ ಮಾಡ್ದೆ. ಇವತ್ತು ಬಸ್ಸಲ್ಲಿ ಒಬ್ಬ ಹುಡುಗ
ಬಿದ್ದ ಹಲ್ಲನ್ನ ನನ್ನ ಕೈಗೇ ಕೊಟ್ಟ, ಜೋಪಾನ ಅಂತ.
ಕೋರಿನ್ ಹೂಂಗುಟ್ಟುತ್ತಿದ್ದಳು. ಫೋನಿಟ್ಟು ನೋಡಿದರೆ
ಬೆರಳು ರೂಢಿಯಂತೆ ಗುಂಡಿ ಒತ್ತಿಬಿಟ್ಟಿದೆ:
ಹದಿನೆಂಟು ನಿಮಿಷ. ಇನ್ನೂರ ಐವತ್ತೈದು ಡಾಲರು.
ಯಾವುದೋ ಎಣ್ಣೆ ಕೊಳವೆಯ ಕಂಪನಿಯ ಖಾತೆಗೆ.
ತಾಯಿಯ ಎರಡು ದಿನದ ದುಡಿಮೆ,
ಅವಳ ಮಾತು ಕೇಳಿಸಿಕೊಂಡದ್ದಕ್ಕೆ.

ಅಳಿಸಿದಳು. ಅಳಿಸಿದರೆ ಪರದೆ ಕೇಳುತ್ತದೆ, ಈ ಹೊತ್ತು ಎಲ್ಲಿ ಹೋಯಿತು?
ಆಯ್ಕೆಗೆ ಇದ್ದವು: ತರಬೇತಿ. ಸಭೆ. ಅನಾರೋಗ್ಯ. ಧರ್ಮಾರ್ಥ.
ಕೊನೆಯದರ ಮೇಲೆ ಬೆರಳು ಒಂದು ಕ್ಷಣ ನಿಂತು
ನಾಚಿ ಹಿಂದೆ ಬಂತು.

ಮರುದಿನ ಐದು ಸಾವಿರದ ನಾನೂರು ಕಳಿಸಿದಳು, ಹೊಸ ಯಂತ್ರಕ್ಕೆ.
ತಾಯಿ ಬೆಚ್ಚಿದಳು. ಅರ್ಧ ಸಂಬಳದ ಹುಡುಗಿ
ಇಷ್ಟು ಎಲ್ಲಿಂದ ತಂದಳು? ಸಾಲ ಮಾಡಿದೆಯೇನೇ?
ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಈಗ ತಿಂಗಳಿಗೊಂದು ಲಕೋಟೆ ಬರುತ್ತದೆ,
ಒಳಗೆ ಅರವತ್ತು ಡಾಲರಿನ ಚೆಕ್ಕು, ದುಂಡಗಿನ ಅಕ್ಷರ.
ಮೂರನ್ನು ಬೂಟಿನೊಳಗೆ ತುರುಕಿದ್ದಳು.
‘ಯಾಕೆ ಹಾಕಿಲ್ಲ? ನನ್ನ ಲೆಕ್ಕ ಕೂಡ್ತಾ ಇಲ್ಲ’
ಎಂದು ತಾಯಿ ಗದರಿದ ಮೇಲೆ ಹಾಕಿದಳು.

ಪಟ್ಟಿಯಲ್ಲಿ ಆದಾಯದ ಕೆಳಗೆ ಹೊಸದೊಂದು ಸಾಲು: ಅರವತ್ತು.
ಅದಕ್ಕೆ ಹೆಸರಿಟ್ಟಿಲ್ಲ.
ಸಾಲಕ್ಕೂ ಸಾಲಿಗೂ ನಡುವೆ
ಇರುವುದು ಒಂದೇ ಕೊಂಬು.