ಹದಿನೇಳನೇ ಬಾಟಲಿ

ದೋನಾ ಪಾವ್ಲಾದ ಗುಡ್ಡದ ಮ್ಯಾಲೆ ಕಡಲ ಲ್ಯಾಬು.
ಅಲ್ಲಿ ನನ್ನ ಕೆಲಸ ಗಾಜು ತೊಳಿಯೂದು.
ಮೊದಲು ಸೋಪು, ಆಮ್ಯಾಲೆ ಆಸಿಡ್ಡು,
ಆಮ್ಯಾಲೆ ಮೂರು ಸಲ ಬಟ್ಟಿ ಇಳಿಸಿದ ನೀರು.
ಒಂದು ಎಳಿ ಹಾವಸಿ ಉಳದರೂ
ಫಾಲೇರೊ ಮೇಡಮ್ಮಾರ ಲೆಕ್ಕ ತಪ್ಪತೈತಿ.
ಹನ್ನೊಂದು ವರ್ಷದಾಗ ನಾ ತಪ್ಪಿಸಿಲ್ಲ,
ಒಮ್ಮೆ ಬಿಟ್ಟು.

ನಸುಕಿನಾಗ ಇನಾಸನ ದೋಣಿ ಜುವಾರಿ ಅಳಿವೆಗೆ ಹೋಗತೈತಿ.
ಅವನ ಬಲಿಯಾಗ ಮೀನು ಬೀಳೂದಿಲ್ಲ,
ಅಷ್ಟು ಸಣ್ಣ ನೇಯ್ಗಿ, ಗಾಳಿಗೂ ದಾರಿ ಇಲ್ಲ.
‘ಇವತ್ತೇನು ಸಿಕ್ತೋ?’ ಅಂದ್ರ
ಬಾಟಲಿ ಬೆಳಕಿಗೆ ಹಿಡಿತಾನ:
ಚಾ ಸೋಸಿದ ಅರಿವಿ ಹಿಂಡಿದಂಥ ನೀರು.
‘ಕಾಂಯ್ ನಾ,’ ಅಂತಾನ. ಏನೂ ಇಲ್ಲ.

ಆ ಏನೂ ಇಲ್ಲದ್ದನ್ನ ಮೇಡಮ್ಮಾರು
ಮಧ್ಯಾಹ್ನತನಕ ಕೂತು ಎಣಸತಾರ.

ಜೂನಿನಾಗ ಘಟ್ಟದ ಕೆಂಪು ನೀರು ಇಳದು
ಹೊಳಿ ತನ್ನ ಉಪ್ಪು ಕಳಕೊಂತೈತಿ.
ಉಪ್ಪಿಗೆ ಒಗ್ಗಿದವು ಸಾಯತಾವ, ಇಲ್ಲಾ ಕಡಲಿಗೆ ಸರೀತಾವ.
ಸಿಹಿನೀರಿನವು ಬಂದು ಬಿಡಾರ ಹೂಡತಾವ.
ನವೆಂಬರಕ್ಕ ಮತ್ತ ಉಪ್ಪು, ಮತ್ತ ಅದಲುಬದಲು.
ಎಲ್ಲಾದಕ್ಕೂ ಮೇಡಮ್ಮಾರ ವಹಿಯಾಗ ಅಂಕಿ ಐತಿ.
ಬೈನಾದಾಗಿನ ನಮ್ಮ ಗುಡಸಲಾ ಕೆಡವಿದ ವರ್ಷ
ನಾವೂ ಹಿಂಗ ಜುವಾರಿನಗರಕ್ಕ ಸರದಿದ್ವಿ.
ಯಾರು ಎಣಿಸಿದರೋ ಗೊತ್ತಿಲ್ಲ.

ಒಂದು ದಿನ ಕರದರು, ಅರ್ಧ ಹಿಂದಿ, ಅರ್ಧ ಕೊಂಕಣಿ:
‘ಫಕೀರವ್ವ, ಒಂದು ಕಣ್ಣು ಮುಚ್ಚಿ ಇದರಾಗ ನೋಡು.’
ನಾ ಎರಡೂ ಮುಚ್ಚಿದ್ದೆ. ನಕ್ಕರು.
ಆಮ್ಯಾಲೆ ಕಂಡಿತು.
ಸಣ್ಣ ಸಣ್ಣ ಡಬ್ಬಿ, ಡಬ್ಬಿಗೊಂದು ಮುಚ್ಚಳ,
ಮುಚ್ಚಳದ ಮ್ಯಾಲೆ ಕಸೂತಿ!
ನಮ್ಮವ್ವ ಇಳಕಲ್ ಸೀರಿ ಮ್ಯಾಲೆ
ಎಳಿ ಎಣಿಸಿ ಎಣಿಸಿ ಹಾಕಿದಂಥ ಹೊಲಿಗಿ,
ಗಂಟಿಲ್ಲ, ಹಿಂದ ಮುಂದ ಒಂದೇ.
ಒಳಗ ಬೆಲ್ಲದ ಬಣ್ಣದ ಜೀವ. ಹೊರಗೆಲ್ಲ ಗಾಜು.

‘ಇಷ್ಟು ಗಾಜು ಎಲ್ಲಿಂದ ತರತಾವ್ರಿ?’
‘ಕಲ್ಲಿನಿಂದ. ಮಳಿ ಕಲ್ಲು ನೆಕ್ಕತೈತಿ,
ಹೊಳಿ ಹೊತ್ತು ತರತೈತಿ,
ಇವು ಅದನ್ನ ಕುಡದು ಮನಿ ಕಟ್ಟತಾವ. ಸಿಲಿಕಾ ಅಂತಾರ.’

ಆ ಹೆಸರು ನಾ ಕೇಳಿದ್ದೆ.
ಅಪ್ಪ ಯಮನೂರಪ್ಪ ಇಪ್ಪತ್ತು ವರ್ಷ ಕ್ವಾರಿಯೊಳಗ ಕಲ್ಲು ಒಡದ.
ದವಾಖಾನಿ ಚೀಟಿ ಮ್ಯಾಲೆ ಡಾಕ್ಟರು
ಅದೇ ಹೆಸರಿಗೆ ಒಂದು ಬಾಲ ಹಚ್ಚಿ ಬರದಿದ್ದರು.
ಕೊನಿಗೆ ಅವನ ಎದಿ
ಒಣಗಿದ ತೊಗಲಚೀಲದಂಗ ಸಪ್ಪಳಾ ಮಾಡತಿತ್ತು.
ಅವನೂ ಕಲ್ಲು ಕುಡದಿದ್ದ.
ಅದರಿಂದ ಮನಿ ಕಟ್ಟಾಕ ಅವಗ ಬರಲಿಲ್ಲ.

ಆ ಸಂಜಿ ಹದಿನೇಳನೇ ಬಾಟಲಿ ತೊಳೀಲಿಲ್ಲ ನಾ.
ಹೊಳಿನೀರು ಹಂಗ ಇಟ್ಟು
ಕಿಟಕಿಯ ಕಟ್ಟಿ ಮ್ಯಾಲೆ, ಫಿನಾಯಿಲ್ ಡಬ್ಬಿ ಹಿಂದ ಮುಚ್ಚಿಟ್ಟೆ.

ನಾಕನೇ ದಿನ ನೀರಿಗೆ ಬೆಲ್ಲದ ಬಣ್ಣ ಏರಿತು.
ಹತ್ತನೇ ದಿನ ಎಲ್ಲಾ ತಳಕ್ಕ ಕೂತಿದ್ದವು.
ಮೇಡಮ್ಮಾರಿಗೆ ಸುಮ್ಮನ ಕೇಳಿದಂಗ ಕೇಳಿದೆ: ಯಾಕ ಮುಳಗತಾವ?
‘ನೀರಾಗಿನ ಕಲ್ಲು ಮುಗದಿರತೈತಿ,’ ಅಂದ್ರು, ತಲಿ ಎತ್ತಲಿಲ್ಲ.
ಸುತ್ತೆಲ್ಲ ಗಾಜಿನ ಗೋಡಿ,
ಕರಗದ ಗಾಜು, ಕುಡಿಯಾಕ ಬರದ ಗಾಜು,
ನಡುವ ಅವು ಗಾಜಿಲ್ಲದ ಸತ್ತವು.

ಅವುಗಳ ಮ್ಯಾಲೆ ಬ್ಯಾರೆ ಹಸಿರು ಹಬ್ಬಿತು,
ಕಲ್ಲಿನ ಹಂಗಿಲ್ಲದ್ದು, ನಮ್ಮ ಮನಿ ಮ್ಯಾಲಿನ
ಮುಚ್ಚಳ ಒಡದ ಟಾಕಿಯಾಗ ಬೆಳಿಯೂವಂಥದ್ದು.
ತಿಂಗಳಿಗೊಮ್ಮೆ ಬೈದು ಬೈದು ನಾರಿನಿಂದ ತಿಕ್ಕತಿದ್ದೆ ಅದನ್ನ.
ಇಲ್ಲಿ ಬೈಯಾಕ ಬಾಯಿ ಬರಲಿಲ್ಲ.
ಅದು ಉಕ್ಕಿತು, ಅದೂ ಕೊಳೀತು.
ವಾಸನಿ ಹೊಂಟಿತು, ತಳಕ್ಕ ಬಿದ್ದ ಕೆರಿಮೀನಿನ ವಾಸನಿ.

ಸೋಪು. ಆಸಿಡ್ಡು. ಮೂರು ಸಲ ನೀರು.
ಬಾಟಲಿ ಮತ್ತ ತನ್ನ ಸಾಲಿನಾಗ ಹೋಗಿ ನಿಂತಿತು.
ಒಂದು ಬಾಟಲಿ ಯಾಕ ಕಮ್ಮಿ ಇತ್ತಂತ ಮೇಡಮ್ಮಾರು ಕೇಳಲಿಲ್ಲ.
ಇನಾಸ ಒಮ್ಮೆ ನನ್ನ ನೋಡಿದ, ‘ಕಾಂಯ್ ನಾ,’ ಅಂದ.

ಕಿಟಕಿಯ ಕಟ್ಟಿ ಮ್ಯಾಲೆ ಮಾತ್ರ
ರೂಪಾಯಿಯಷ್ಟು ದುಂಡನ ಹಸಿರು ಕಲಿ ಉಳದೈತಿ.
ಇರಲಿ.
ನಾ ಗಾಜು ತೊಳಿಯಾಕಿ.
ಕಟ್ಟಿ ತೊಳಿಯೂದು ನನ್ನ ಲೆಕ್ಕಕ್ಕ ಬರೂದಿಲ್ಲ.